ಗೋಧಿ ಗುಲಾಬಿಗಳ ಡಾ. ಪಾಲ್

ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯ ಕರಿಮಣ್ಣಿಗೂ ಹತ್ತಿಗೂ ಹಳೆಯ ನಂಟು. ಮಾನ್ವಿ, ದೇವದುರ್ಗಗಳ ಹೊಲಗಳಲ್ಲಿ ಬೆಳೆದ ಹತ್ತಿ ರಾಯಚೂರು ನಗರದ ಮಾರುಕಟ್ಟೆಗೆ ಬರುತ್ತದೆ. ಇಂದು ಅಲ್ಲಿ ಬಿತ್ತುವ ಬೀಜ ಬಹುಮಟ್ಟಿಗೆ ಮಿಶ್ರತಳಿಯದು. ಅಂತಹ ಬೀಜ ತಾನಾಗಿ ಹುಟ್ಟುವುದಿಲ್ಲ. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸೋಕಿಸಬೇಕು. ಸಸ್ಯಗಳಲ್ಲಿ ಹೊಸ ತಳಿಗಳನ್ನು ಪಡೆಯುವ ಈ ವಿದ್ಯೆಗೆ ನಮ್ಮ ದೇಶದಲ್ಲಿ ಭದ್ರವಾದ ತಳಹದಿ ಹಾಕಿದವರಲ್ಲಿ ಡಾ. ಬೆಂಜಮಿನ್ ಪಿಯರಿ ಪಾಲ್ ಅವರು ಪ್ರಮುಖರು.

ಪಾಲ್ ಅವರು 1906ರ ಮೇ 26ರಂದು ಪಂಜಾಬಿನ ಮುಕುಂದಪುರದಲ್ಲಿ ಜನಿಸಿದರು. ತಂದೆ ಬರ್ಮಾದಲ್ಲಿ ವೈದ್ಯರಾಗಿದ್ದುದರಿಂದ ಅವರ ಬಾಲ್ಯ ಅಲ್ಲಿಯೇ ಕಳೆಯಿತು. ರಂಗೂನಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಗೋಧಿಯ ಮಿಶ್ರತಳಿಗಳನ್ನು ಕುರಿತ ಸಂಶೋಧನೆಗಾಗಿ ಡಾಕ್ಟರೇಟ್ ಪಡೆದರು. 1933ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನ ಸಂಸ್ಥೆಯನ್ನು ಸೇರಿದರು. ಮರುವರ್ಷ ಸಂಭವಿಸಿದ ಭೀಕರ ಭೂಕಂಪದಿಂದ ಅಲ್ಲಿನ ಕಟ್ಟಡ ಹಾಳಾಯಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಸ್ಥಳಾಂತರವಾದಾಗ ಪಾಲ್ ಅವರೂ ಅಲ್ಲಿಗೆ ಬಂದರು.

ಆ ಕಾಲದಲ್ಲಿ ಗೋಧಿಗೆ ತುಕ್ಕು ರೋಗದ ಬಾಧೆ ವಿಪರೀತವಾಗಿತ್ತು. ಉತ್ತರ ಕರ್ನಾಟಕದ ರೈತರು ಇದನ್ನೇ ಭಂಡಾರ ರೋಗವೆನ್ನುತ್ತಾರೆ. ಕಪ್ಪು, ಕಂದು, ಹಳದಿ ಎಂದು ಇದರಲ್ಲಿ ಮೂರು ಬಗೆ. ರೋಗ ತಗುಲಿದರೆ ಕಾಳು ಜೊಳ್ಳಾಗಿ, ರೈತನ ವರುಷದ ದುಡಿಮೆ ಮಣ್ಣುಪಾಲಾಗುತ್ತಿತ್ತು. ಪಾಲ್ ಅವರು ವರುಷವರುಷವೂ ತಳಿಗಳನ್ನು ಕೂಡಿಸಿ, ಸಸಿಗಳನ್ನು ಪರೀಕ್ಷಿಸಿ, ಉಳಿದವುಗಳಿಂದ ಮತ್ತೆ ಆರಿಸಿದರು. ಈ ದೀರ್ಘ ಪರಿಶ್ರಮದ ಫಲವಾಗಿ 1954ರಲ್ಲಿ ಮೂರು ಬಗೆಯ ತುಕ್ಕನ್ನೂ ಎದುರಿಸಬಲ್ಲ ಎನ್.ಪಿ. 809 ಎಂಬ ಗೋಧಿ ಬೆಳಕಿಗೆ ಬಂದಿತು.

ಹೊಲದಲ್ಲಿ ಗೋಧಿ ಅವರ ಕರ್ತವ್ಯವಾದರೆ, ಬಿಡುವಿನ ವೇಳೆಯಲ್ಲಿ ಗುಲಾಬಿ ಅವರ ಒಲವು. ವಿದೇಶದ ಎಷ್ಟೋ ಗುಲಾಬಿಗಳು ನಮ್ಮ ಬಿಸಿಲಿಗೆ ಬಾಡುತ್ತಿದ್ದವು. ನಮ್ಮ ಹವೆಗೆ ಹೊಂದುವ ಹೂಗಳನ್ನು ಪಡೆಯಬೇಕೆಂದು ಅವರು ತಾವೇ ಸಂಕರಣಕ್ಕೆ ತೊಡಗಿದರು.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ, ತಾಳ್ಮೆ ಬೇಕು. ತಾಯಿಗಿಡವೂ ತಂದೆಗಿಡವೂ ಒಂದೇ ದಿನ ಹೂ ಬಿಡುತ್ತವೆಂಬ ನಂಬಿಕೆಯಿಲ್ಲ. ಆದುದರಿಂದ ತಂದೆಗಿಡದ ಮೊಗ್ಗು ಅರಳುವ ಮುನ್ನವೇ ಪರಾಗಕೋಶಗಳನ್ನು ಬಿಡಿಸಿ, ಕಾಗದದ ಮೇಲೆ ನೆರಳಿನಲ್ಲಿ ಒಣಗಿಸುವುದು ವಾಡಿಕೆ. ಅವು ಬಿರಿದು ಹಳದಿ ಧೂಳು ಉದುರುತ್ತದೆ. ಅದನ್ನು ಪುಟ್ಟ ಸೀಸೆಯಲ್ಲಿ ತುಂಬಿ, ತಳಿಯ ಹೆಸರನ್ನೂ ದಿನಾಂಕವನ್ನೂ ಬರೆದು, ತೇವ ತಾಕದ ತಂಪಾದ ಸ್ಥಳದಲ್ಲಿ ಇಡಬೇಕು. ಸೆಕೆ ಮತ್ತು ತೇವ ಪರಾಗದ ಶತ್ರುಗಳು. ಇವೆರಡನ್ನೂ ದೂರವಿಟ್ಟರೆ ಅದು ಹಲವು ದಿನ ಜೀವ ಹಿಡಿದಿರುತ್ತದೆ. ತಾಯಿಹೂವು ಸಿದ್ಧವಾದಾಗ ಕುಂಚದಿಂದ ಅದರ ಶಲಾಕಾಗ್ರಕ್ಕೆ ಪರಾಗವನ್ನು ಸವರಿ, ಕಾಗದದ ಚೀಲ ಕಟ್ಟುತ್ತಾರೆ. ಕಾಯಿ ಮಾಗಲು ತಿಂಗಳುಗಳೇ ಬೇಕು. ಹುಟ್ಟಿದ ಸಸಿಗಳಲ್ಲಿ ಬಹುಪಾಲು ಕಿತ್ತೆಸೆಯತಕ್ಕವೇ. ಇಂತಹ ಸಾಧನೆಯಿಂದ ಪಾಲ್ ಅವರು ‘ಡೆಲ್ಲಿ ಪ್ರಿನ್ಸೆಸ್’, ‘ಬಂಜಾರನ್’, ‘ಡಾ. ಹೋಮಿ ಭಾಭಾ’ ಮೊದಲಾದ ಗುಲಾಬಿಗಳನ್ನು ನಾಡಿಗೆ ನೀಡಿದರು.

1965ರಲ್ಲಿ ಅವರು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರಥಮ ಮಹಾನಿರ್ದೇಶಕರಾದರು. 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಅವಿವಾಹಿತರಾಗಿಯೇ ಉಳಿದ ಅವರು ತಮ್ಮ ಆಸ್ತಿಯನ್ನು ತಾವು ದುಡಿದ ಸಂಸ್ಥೆಗೇ ಬಿಟ್ಟುಕೊಟ್ಟು, 1989ರ ಸೆಪ್ಟೆಂಬರ್ 14ರಂದು ನಿಧನರಾದರು.

ಇದೇ ವಿದ್ಯೆಯ ಬಲದಿಂದ ಧಾರವಾಡದ ವಿಜ್ಞಾನಿಗಳು 1972ರಲ್ಲಿ ‘ವರಲಕ್ಷ್ಮಿ’ ಎಂಬ ನೀಳ ಎಳೆಯ ಮಿಶ್ರತಳಿ ಹತ್ತಿಯನ್ನು ರೂಪಿಸಿದರು. ಗಾಳಿಗೆ ಹಾರಿಹೋಗುವ ಚಿಟಿಕೆ ಧೂಳನ್ನು ಜೋಪಾನ ಮಾಡಬಲ್ಲವನು ನಾಳಿನ ಬೆಳೆಯನ್ನು ಕಾಯುತ್ತಾನೆ. ಪಾಲ್ ಅವರ ಬಾಳು ನಮಗೆ ಕಲಿಸುವ ಪಾಠ ಇದೇ.