ಹಗ್ಗ ಹಿಡಿದು ಕೋಟೆಯಿಳಿದ ಖಾಝಿ

ಇಬ್ನು ಖಲ್ದೂನ್‌ರನ್ನು ‘ಮುಕದ್ದಿಮ’ ಎಂಬ ಮಹಾಗ್ರಂಥದ ಕರ್ತೃವೆಂದು ನೀವು ಬಲ್ಲಿರಿ. ಆದರೆ ಅವರು ಆಸ್ಥಾನದಿಂದ ಆಸ್ಥಾನಕ್ಕೆ ಸಾಗುತ್ತಾ, ಅರಸರು ಉರುಳಿದರೂ ತಾವು ಉಳಿದುಕೊಂಡ ಚತುರ ರಾಜತಂತ್ರಜ್ಞರೂ ಆಗಿದ್ದರು. ಅವರ ಬದುಕಿನ ಈ ಮುಖವನ್ನೂ ಸ್ವಲ್ಪ ನೋಡೋಣ.

1332ರಲ್ಲಿ ಟ್ಯುನಿಸ್‌ನಲ್ಲಿ ಜನನ. ಎಳೆಯ ಪ್ರಾಯದಲ್ಲೇ ತಂದೆ ತಾಯಿ ಇಬ್ಬರೂ ಪ್ಲೇಗಿಗೆ ಬಲಿಯಾದರು. ಮುಂದೆ ಫೆಝ್‌ನ ಸುಲ್ತಾನ ಅಬೂ ಇನಾನ್‌ರ ಆಸ್ಥಾನ ಸೇರಿದರು. ಸಂಚಿನ ಸಂಶಯದ ಮೇಲೆ 1357ರಲ್ಲಿ ಸೆರೆಮನೆಯೂ ಪ್ರಾಪ್ತವಾಯಿತು. ಸುಲ್ತಾನ ತೀರಿಕೊಂಡಾಗ ಮಂತ್ರಿ ಅವರನ್ನು ಬಿಡುಗಡೆ ಮಾಡಿದರು. ಆ ಋಣ ಎಷ್ಟು ದಿನ ಉಳಿಯಿತು? ಸಿಂಹಾಸನಕ್ಕೆ ಅಬೂ ಸಾಲಿಂ ಎಂಬ ಹೊಸ ಹಕ್ಕುದಾರ ಬಂದೊಡನೆ ಇವರು ಅತ್ತ ಸರಿದು, ಅವರ ಕಾರ್ಯದರ್ಶಿಯಾದರು.

1364ರಲ್ಲಿ ಗ್ರನಡದ ರಾಯಭಾರಿಯಾಗಿ ಸೆವಿಲ್ಲೆಗೆ ಹೋದಾಗ ಕ್ರೈಸ್ತ ದೊರೆ ಪೆಡ್ರೊ, ತನ್ನಲ್ಲೇ ಉಳಿದರೆ ಪೂರ್ವಜರ ಆಸ್ತಿಯನ್ನು ಮರಳಿಸುವುದಾಗಿ ಹೇಳಿದನು. ಅವರು ಒಪ್ಪಲಿಲ್ಲ.

ಬಿಜಾಯದ ಘಟನೆಯನ್ನು ಮಾತ್ರ ನೀವೇ ತೂಗಿ ನೋಡಿ. 1366ರಲ್ಲಿ ಅಲ್ಲಿನ ಅರಸ ಯುದ್ಧದಲ್ಲಿ ಹತನಾದ. ಅರಸನ ಎಳೆಯ ಮಗನನ್ನು ಪಟ್ಟಕ್ಕೇರಿಸೋಣವೆಂದು ಕೆಲವರು ಕೇಳಿಕೊಂಡರು. ಆದರೆ ಮುಖ್ಯಾಧಿಕಾರಿಯಾಗಿದ್ದ ಖಲ್ದೂನ್, ಗೆದ್ದವನಿಗೇ ನಗರವನ್ನೊಪ್ಪಿಸಿದರು. ದ್ರೋಹವೇ? ಮುತ್ತಿಗೆಯ ನರಳಾಟದಿಂದ ಜನ ಪಾರಾದರೆಂಬುದನ್ನೂ ಮರೆಯಬಾರದು.

1375ರಲ್ಲಿ ರಾಜಕೀಯದಿಂದ ಬೇಸತ್ತು, ಈಗಿನ ಅಲ್ಜೀರಿಯದ ಒಂದು ಒಂಟಿ ಕೋಟೆಯಲ್ಲಿ ನಾಲ್ಕು ವರ್ಷ ಕುಳಿತು ಬರೆದರು. ಕುಲದ ಒಗ್ಗಟ್ಟಿನಿಂದ ರಾಜ್ಯ ಹುಟ್ಟುತ್ತದೆ, ಸುಖಭೋಗದಲ್ಲಿ ಕರಗುತ್ತದೆ, ಸಾಮಾನ್ಯವಾಗಿ ಮೂರು ತಲೆಮಾರಿಗೆ ಮುಗಿಯುತ್ತದೆ ಎಂಬ ಅವರ ವಾದ ಕಣ್ಣಾರೆ ಕಂಡವರ ವಾದ.

ಕೈರೊದಲ್ಲಿ ಅವರದು ಬೇರೆಯೇ ಸ್ವಭಾವ. 1384ರಲ್ಲಿ ಮಾಲಿಕೀ ಖಾಝಿಯಾದ ಮೇಲೆ ದೊಡ್ಡವರ ಶಿಫಾರಸ್ಸಿಗೆ ಸೊಪ್ಪು ಹಾಕಲಿಲ್ಲ. ಶತ್ರುಗಳು ಬೆಳೆದರು. ಅದೇ ಸಮಯಕ್ಕೆ ಟ್ಯುನಿಸ್‌ನಿಂದ ಬರುತ್ತಿದ್ದ ಅವರ ಮಡದಿ ಮಕ್ಕಳು ಹಡಗು ಒಡೆದು ಸಮುದ್ರದ ಪಾಲಾದರು. ಅರಮನೆಗಳ ಎಲ್ಲ ಆಟವನ್ನೂ ಬಲ್ಲವರಿಗೆ ಬಂದ ಈ ಪೆಟ್ಟನ್ನು ಊಹಿಸಿಕೊಳ್ಳಿ.

ಇನ್ನು 1401ರ ಜನವರಿ. ತೈಮೂರನ ಸೇನೆ ದಮಾಸ್ಕಸ್‌ಗೆ ಮುತ್ತಿಗೆ ಹಾಕಿದೆ. ಈಜಿಪ್ಟಿನ ಯುವ ಸುಲ್ತಾನ, ಕೈರೊದಲ್ಲಿ ದಂಗೆಯ ಸುಳಿವು ಸಿಕ್ಕಿ ಹಿಂದಿರುಗಿದ್ದಾನೆ. ಅರುವತ್ತೆಂಟರ ಪ್ರಾಯದ ಖಲ್ದೂನ್ ಹಗ್ಗ ಹಿಡಿದು ಕೋಟೆಗೋಡೆಯಿಂದ ಇಳಿದರು! ತೈಮೂರನನ್ನು ಹೊಗಳಿ ಒಲಿಸಿಕೊಂಡರು. ಕುರ್‌ಆನ್ ಪ್ರತಿ, ನಮಾಝಿನ ಚಾಪೆ, ಈಜಿಪ್ಟಿನ ಸಿಹಿತಿಂಡಿಯ ಪೆಟ್ಟಿಗೆಗಳನ್ನು ಕಾಣಿಕೆಯಿತ್ತರು. ಅವನ ಅಪ್ಪಣೆಯಂತೆ ಮಗ್ರಿಬ್ ನಾಡಿನ ವಿವರಣೆಯನ್ನು ಬರೆದುಕೊಟ್ಟರು. ಬಳಿಕ ಮಗ್ರಿಬ್‌ನ ಅರಸನಿಗೂ ತೈಮೂರನ ಕುರಿತು ಪತ್ರ ಬರೆದರೆನ್ನಿ! ಹಿಂದುಳಿದಿದ್ದ ಈಜಿಪ್ಟಿನ ಅಧಿಕಾರಿಗಳಿಗೆ ಅಭಯಪತ್ರ ದೊರಕಿಸಿದರು. ದಮಾಸ್ಕಸ್ಸಿಗೆ ಆ ಭಾಗ್ಯವಿರಲಿಲ್ಲ. ನಗರ ಲೂಟಿಯಾಯಿತು, ಉಮಯ್ಯಾ ಮಸೀದಿಗೂ ಬೆಂಕಿ ಬಿತ್ತು. ಅದನ್ನು ಅವರು ಘೋರ ಕೃತ್ಯವೆಂದೇ ಬರೆದಿಟ್ಟಿದ್ದಾರೆ. ಆದರೆ ತೈಮೂರನ ಮುಂದೆ ಆಡಿದ ಹೊಗಳಿಕೆಯನ್ನೂ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ.

ಹೊರಡುವಾಗ ತೈಮೂರ್ ಅವರ ಹೇಸರಗತ್ತೆಯನ್ನು ಕೇಳಿ ಪಡೆದಿದ್ದ. ಅದರ ಬೆಲೆ ರಾಯಭಾರಿಯ ಮೂಲಕ ಕೈರೊ ತಲುಪಿದಾಗ, ಸುಲ್ತಾನನ ಒಪ್ಪಿಗೆ ಸಿಗುವ ತನಕ ಖಲ್ದೂನ್ ಆ ಹಣವನ್ನು ಮುಟ್ಟಲಿಲ್ಲ. 1406ರಲ್ಲಿ, ಆರನೆಯ ಬಾರಿ ಖಾಝಿಯಾಗಿದ್ದಾಗ, ಕೈರೊದಲ್ಲೇ ಮರಣ ಹೊಂದಿದರು.