ಫ್ಲಾರೆನ್ಸ್ ನೈಟಿಂಗೇಲ್: ದೀಪದ ಜೊತೆ ಲೆಕ್ಕವೂ

ನನ್ನ ಖಾಲಾ ಆರೋಗ್ಯ ಯೋಜನೆಗಳ ಮೌಲ್ಯಮಾಪನ ಮಾಡುವ ಸಲಹೆಗಾರರು. ಲಸಿಕೆ, ಪೌಷ್ಟಿಕ ಆಹಾರ, ಶೌಚಾಲಯ ಎಂದು ಹಣ ಖರ್ಚಾದ ಮೇಲೆ ಜನರಿಗೆ ನಿಜವಾಗಿ ಉಪಯೋಗವಾಯಿತೇ ಎಂದು ವಿಚಾರಿಸಿ, ಅಂಕಿಅಂಶ ಕಲೆಹಾಕಿ ವರದಿ ಬರೆಯುವುದು ಅವರ ಕೆಲಸ. ಕಳೆದ ಎನ್‌ಎಸ್‌ಎಸ್ ಶಿಬಿರದಲ್ಲಿ ನಾವೂ ಒಂದು ಶೌಚಾಲಯ ಸಮೀಕ್ಷೆ ಮಾಡಿದೆವು. ಬಿಸಿಲು ಜೋರಾಗಿತ್ತು. ಕೊನೆಯ ಆರು ಮನೆಗಳ ಫಾರಂಗಳನ್ನು ನಾನು ಮರದ ಕೆಳಗೆ ಕುಳಿತೇ ತುಂಬಿಬಿಟ್ಟೆ. ಇದನ್ನು ಕೇಳಿ ಖಾಲಾ ಬೈಯಲಿಲ್ಲ. ನೈಟಿಂಗೇಲ್ ಅವರ ಜೀವನ ಓದು ಎಂದಷ್ಟೇ ಹೇಳಿದರು.

ದೀಪ ಹಿಡಿದ ನರ್ಸ್ ಎಂದಷ್ಟೇ ನನಗೆ ಗೊತ್ತಿತ್ತು. ಓದಿದಾಗ ಲೆಕ್ಕದ ನೈಟಿಂಗೇಲ್ ಸಿಕ್ಕರು.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದರು. ಚಿಕ್ಕಂದಿನಿಂದಲೇ ಗಣಿತ ಅವರಿಗೆ ಇಷ್ಟ. ದಾದಿಯ ಕೆಲಸ ಮನೆಯವರಿಗೆ ಒಪ್ಪಿಗೆಯಿರಲಿಲ್ಲ, ಆದರೂ ಹಟ ಹಿಡಿದು ಕಲಿತರು. ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಂದಿ ದಾದಿಯರೊಂದಿಗೆ ಇಸ್ತಾಂಬುಲ್ ಬಳಿಯ ಸ್ಕುಟಾರಿಗೆ ಬಂದರು. ತುರ್ಕಿಯವರು ಬಿಟ್ಟುಕೊಟ್ಟ ದೊಡ್ಡ ಸೈನಿಕ ವಸತಿಯೇ ಅಲ್ಲಿ ಆಸ್ಪತ್ರೆಯಾಗಿತ್ತು. ಹಗಲಿರುಳು ದುಡಿದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ಶುಚಿ ಮಾಡಿಸಿತು, ನೀರು ಗಾಳಿಯ ವ್ಯವಸ್ಥೆ ಸರಿಪಡಿಸಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಆಹಾರ, ಬಟ್ಟೆಬರೆಯ ಕೊರತೆಯೇ ಸಾವಿಗೆ ಮುಖ್ಯ ಕಾರಣ ಎಂದು ಅವರು ಮೊದಲು ನಂಬಿದ್ದರು. 1856ರಲ್ಲಿ ಊರಿಗೆ ಮರಳಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ಜೊತೆ ಸಾವಿನ ಲೆಕ್ಕ ಹಾಕಿದಾಗ ಬೇರೆಯೇ ಸತ್ಯ ಕಂಡಿತು. ಗಾಯಗಳಿಗಿಂತ ಹೆಚ್ಚು ಸೈನಿಕರನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳು. ಕೊಳಕು, ಜನದಟ್ಟಣೆ ಅದಕ್ಕೆ ಕಾರಣ. ತಾವೇ ದುಡಿದ ಆಸ್ಪತ್ರೆಯೂ ಅದಕ್ಕೆ ಹೊರತಾಗಿರಲಿಲ್ಲ. ಇಡೀ ದೇಶ ಅವರನ್ನು ಕೊಂಡಾಡುತ್ತಿದ್ದ ಹೊತ್ತು ಅದು. ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಅಂಕಿಗಳನ್ನು ಬಣ್ಣದ ವೃತ್ತಚಿತ್ರವಾಗಿ ಬಿಡಿಸಿ, ಆಳುವವರಿಗೆ ಒಂದೇ ನೋಟಕ್ಕೆ ಅರ್ಥವಾಗುವಂತೆ ತೋರಿಸಿದರು. 1858ರಲ್ಲಿ ಲಂಡನ್‌ನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯರಾದರು. 1860ರಲ್ಲಿ ದಾದಿಯರ ತರಬೇತಿ ಶಾಲೆ ಆರಂಭಿಸಿದರು.

ನಮ್ಮ ದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನೆಪತ್ರಗಳನ್ನು ಕಳಿಸಿ, ನೀರು, ಚರಂಡಿ, ರೋಗಗಳ ವಿವರ ತರಿಸಿಕೊಂಡರು. 1863ರ ಆಯೋಗದ ವರದಿಗೆ ಅದೇ ಆಧಾರವಾಯಿತು. ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದರೂ ದಶಕಗಳ ಕಾಲ ಬರೆಯುತ್ತಲೇ ಇದ್ದು, 1910ರ ಆಗಸ್ಟ್ 13ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಓದಿ ಮುಗಿಸಿದ ಭಾನುವಾರ ನಾನು ಆ ಆರು ಮನೆಗಳಿಗೆ ಹೋದೆ. ಎಲ್ಲ ಕಡೆಯೂ ಶೌಚಾಲಯ ಬಳಕೆಯಲ್ಲಿದೆ ಎಂದು ಬರೆದಿದ್ದೆ. ಎರಡು ಮನೆಗಳಲ್ಲಿ ಅದರೊಳಗೆ ಸೌದೆ ತುಂಬಿತ್ತು, ಏಕೆಂದರೆ ಅಲ್ಲಿಗೆ ನೀರೇ ಇರಲಿಲ್ಲ. ಹಳೆಯ ಫಾರಂ ಹರಿದು, ಹೊಸದಾಗಿ ಬರೆದು, ನಡೆದದ್ದನ್ನು ಹೇಳಿ ಶಿಬಿರದ ಅಧಿಕಾರಿಗಳಾದ ನಮ್ಮ ಸರ್ ಕೈಗೆ ಕೊಟ್ಟೆ. ನಾಚಿಕೆಯಾಯಿತು. ಆದರೆ ನನ್ನ ಸುಳ್ಳು ಲೆಕ್ಕ ಹಾಗೆಯೇ ಉಳಿದಿದ್ದರೆ ಆ ಎರಡು ಮನೆಗಳಿಗೆ ನೀರು ಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.