ರಾಮಣ್ಣ ಕಾಣದೆ ಹೋದ ಬೆಳಕು

ರಾಜಾ ರಾಮಣ್ಣ ಎಂದೊಡನೆ ನೆನಪಾಗುವುದು 1974ರ ಪೋಖರಣ್ ಸ್ಫೋಟ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಿರಿಯರಿಗೆ ಕೈಗಾ ವಿವಾದವೂ ನೆನಪಾದೀತು. ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದವರು ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು.

ರಾಮಣ್ಣ ಹುಟ್ಟಿದ್ದು 1925ರಲ್ಲಿ, ತುಮಕೂರಿನಲ್ಲಿ. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು 1949ರಲ್ಲಿ ಹೋಮಿ ಭಾಭಾ ಅವರ ಸಂಸ್ಥೆ ಸೇರಿದರು. ಪಿಯಾನೋ ವಾದನದಲ್ಲೂ ನುರಿತಿದ್ದ ಅವರು 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಇಂದೋರಿನಲ್ಲಿ ಲೇಸರ್ ಮತ್ತು ವೇಗವರ್ಧಕಗಳ ಸಂಶೋಧನಾ ಕೇಂದ್ರಕ್ಕೆ 1984ರಲ್ಲಿ ಅಡಿಗಲ್ಲು ಬಿದ್ದದ್ದು ಆ ಅವಧಿಯಲ್ಲಿಯೇ.

ಅಲ್ಲಿನ ಇಂಡಸ್-2 ಸಿಂಕ್ರೋಟ್ರಾನಿನ ಸುತ್ತಳತೆ ಸುಮಾರು 172 ಮೀಟರ್. ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತಗಳ ನಡುವೆ ತಿರುವು ಪಡೆದಾಗ ಪ್ರಖರ ಕ್ಷ-ಕಿರಣ ಹೊಮ್ಮುತ್ತದೆ. ಅದನ್ನು ಪ್ರಯೋಗದ ಮೇಜಿಗೆ ತರುವ ಮಾರ್ಗವೇ ಬೀಮ್‌ಲೈನ್. ಸಾಮಾನ್ಯ ಗಾಜಿನ ಮಸೂರ ಕ್ಷ-ಕಿರಣವನ್ನು ಕೂಡಿಸಲಾರದು. ನೇರವಾಗಿ ಬಿದ್ದರೆ ಕನ್ನಡಿಯೂ ಅದನ್ನು ಪ್ರತಿಫಲಿಸದು. ಆದುದರಿಂದ ವಿನ್ಯಾಸಕಾರರು ಮೊದಲು ಹರಳುಗಳ ಮೂಲಕ ಬೇಕಾದ ತರಂಗಾಂತರವನ್ನು ಆರಿಸುತ್ತಾರೆ. ಬಳಿಕ ಒಂದು ಡಿಗ್ರಿಗಿಂತಲೂ ಕಡಿಮೆ ಓರೆಯಲ್ಲಿ, ಬಾಗಿಸಿದ ಎರಡು ಕನ್ನಡಿಗಳ ಮೇಲೆ ಕಿರಣವನ್ನು ಜಾರಿಸುತ್ತಾರೆ. ಒಂದು ಅದನ್ನು ಮೇಲೆ-ಕೆಳಗೆ, ಇನ್ನೊಂದು ಅಕ್ಕಪಕ್ಕದಲ್ಲಿ ಕೂಡಿಸುತ್ತದೆ. ಹೀಗೆ ಕೆಲವೇ ಮೈಕ್ರಾನುಗಳಿಗೆ ಕಿರಿದಾದ ಕಿರಣದಿಂದ, ಅಕ್ಕಿಯ ಕಾಳಿನ ಯಾವ ಭಾಗದಲ್ಲಿ ಸತು ಅಥವಾ ಆರ್ಸೆನಿಕ್ ಸೇರಿದೆ ಎಂಬುದನ್ನೂ ಗುರುತಿಸಬಹುದು. ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಇಲ್ಲಿ ಅವಕಾಶವುಂಟು.

ರಾಮಣ್ಣ 2004ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಮರುವರ್ಷ ಇಂಡಸ್-2 ರಾಷ್ಟ್ರಕ್ಕೆ ಸಮರ್ಪಿತವಾಯಿತು; ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಈ ಬೆಳಕನ್ನು ಮುಂದಿಟ್ಟು ಕೈಗಾದ ಪ್ರಶ್ನೆಗಳನ್ನು ಅಳಿಸಲಾಗದು. ಕಾಡು, ನದಿ, ಜನರ ಸುರಕ್ಷೆಯ ಕುರಿತು ಕಾರಂತರು ಎತ್ತಿದ ಆಕ್ಷೇಪಗಳು ವಿಜ್ಞಾನದ ವಿರೋಧವಾಗಿರಲಿಲ್ಲ. ಕನ್ನಡಿಗರಿಗೆ 'ವಿಜ್ಞಾನ ಪ್ರಪಂಚ'ವನ್ನು ಕೊಟ್ಟವರೇ ಅವರು. ಹಾಗೆಯೇ, ರಾಮಣ್ಣನವರನ್ನು ಬಾಂಬಿನ ಸದ್ದಿನಿಂದಷ್ಟೇ ಅಳೆಯುವುದೂ ನ್ಯಾಯವಲ್ಲ. ಕರಾವಳಿಯ ವಿದ್ಯಾರ್ಥಿಯೊಬ್ಬ ನಾಳೆ ತನ್ನೂರಿನ ಗದ್ದೆಯ ಅಕ್ಕಿಯನ್ನು ಇಂದೋರಿಗೆ ಒಯ್ದರೆ, ಅದರಲ್ಲಿ ಇಬ್ಬರ ಪಾಲೂ ಇರುತ್ತದೆ: ಪ್ರಶ್ನೆ ಕೇಳುವ ಧೈರ್ಯ ಕಾರಂತರದು, ಉತ್ತರ ಹುಡುಕುವ ಉಪಕರಣ ರಾಮಣ್ಣನವರ ಕಾಲದ್ದು.